ಚಿರತೆ ನಿಂತಿದ್ದ ತಿರುವು

ನಾನು ದೈಹಿಕ ಶಿಕ್ಷಕಿಯಾಗಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಆ ಊರಿನ ಹೈಸ್ಕೂಲಿಗೆ ಹೋದಾಗ ಮಕ್ಕಳಿಗೆ ಓಡಲು ಜಾಗವೇ ಇರಲಿಲ್ಲ. ಶಾಲೆಯ ಅಂಗಳ ಕಬಡ್ಡಿಗೆ ಸಾಕು, ಓಟಕ್ಕೆ ಸಾಲದು. ನಾನು ಬಹಳ ಓಡಾಡಿದ ಮೇಲೆ ಪಂಚಾಯಿತಿಯವರು ಕೆರೆಯ ಹಿಂದಿನ ಗೋಮಾಳಕ್ಕೆ ಜೆಸಿಬಿ ತರಿಸಿ, ಮುಳ್ಳು ಕೀಳಿಸಿ, ಕೆಮ್ಮಣ್ಣು ಹರಡಿ, ರೋಲರ್ ಹಾಯಿಸಿ ಒಂದು ಟ್ರ್ಯಾಕ್ ಮಾಡಿಕೊಟ್ಟರು. ಸುತ್ತಲೂ ತೆಂಗಿನ ತೋಟಗಳು. ಒಂದು ಬದಿಯ ತೋಟ ಮಾತ್ರ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಪಾಳು ಬಿದ್ದಿತ್ತು. ಬಿದ್ದ ಸೋಗೆ ಬಿದ್ದಲ್ಲೇ ಕೊಳೆತು, ಅದರ ಮೇಲೆ ಲಂಟಾನ ಎದೆಯೆತ್ತರಕ್ಕೆ ಹಬ್ಬಿತ್ತು. ಟ್ರ್ಯಾಕಿನ ಎರಡನೆಯ ತಿರುವು ಆ ಪೊದೆಗೆ ತಾಗಿಕೊಂಡೇ ಇತ್ತು.

ಸುಣ್ಣದ ಗೆರೆ ಎಳೆದ ಮೇಲೆ ಮಕ್ಕಳೇ ಬದಲಾದರು. ಮೊದಲು ಓಡಿ ಎಂದರೆ ಹೊಟ್ಟೆನೋವು ಎನ್ನುತ್ತಿದ್ದವರು ನಾನು ಬರುವಷ್ಟರಲ್ಲಿ ಗೆರೆಯ ಮೇಲೆ ನಿಂತಿರುತ್ತಿದ್ದರು. ಅವರಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಶೆಟ್ಟಿಕೆರೆ ಕಡೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಮನೆಯಲ್ಲಿ ಅಜ್ಜಿ, ಅವಳು, ಎರಡು ಹಸು. ಅಲ್ಲಿಯವರೆಗೆ ಅವಳು ಓಡಿದ್ದು ಹಗ್ಗ ಬಿಚ್ಚಿಕೊಂಡ ಕರುವಿನ ಹಿಂದೆ ಮಾತ್ರ.

"ಈ ಗೆರೆ ಕಂಡ್ರೆ ಕಾಲು ಸುಮ್ನಿರಲ್ಲ ಮಿಸ್" ಎನ್ನುತ್ತಿದ್ದಳು.

ಮೊದಲು ಕಾಣೆಯಾದದ್ದು ನಾಯಿಗಳು. ಟ್ರ್ಯಾಕಿನ ನಡುವೆ ಮಲಗಿ ಮಕ್ಕಳ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ ಬೀದಿ ನಾಯಿಗಳು ಒಂದೊಂದಾಗಿ ಬರುವುದನ್ನು ನಿಲ್ಲಿಸಿದವು. ಯಾರೋ ಹಿಡಿಸಿರಬೇಕು ಎಂದುಕೊಂಡೆ. ಆಮೇಲೆ ಊರಿನ ಒಂದು ಮೇಕೆ ಹೋಯಿತು. ಒಂದು ಬೆಳಗ್ಗೆ, ರಾತ್ರಿ ತುಂತುರು ಬಿದ್ದು ಒದ್ದೆಯಾಗಿದ್ದ ಕೆಮ್ಮಣ್ಣಿನಲ್ಲಿ ದುಂಡನೆಯ ಹೆಜ್ಜೆಗಳು ಸುಣ್ಣದ ಗೆರೆಗಳನ್ನು ಅಡ್ಡಹಾಯ್ದು ಪೊದೆಯತ್ತ ಹೋಗಿದ್ದವು.

ಅರಣ್ಯ ಇಲಾಖೆಯವರು ಬಂದು ನೋಡಿ ಚಿರತೆಯದೇ ಎಂದರು. ಬೋನು ಇಟ್ಟರು. ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ, "ಎದುರಿಗೆ ಬಂದ್ರೆ ಓಡಬೇಡಿ. ಬೆನ್ನು ತೋರಿಸಬೇಡಿ. ಬಗ್ಗಬೇಡಿ" ಎಂದು ಹೇಳಿದರು. ಓಟದ ಮಕ್ಕಳಿಗೆ ಓಡಬೇಡಿ ಎಂದದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಜಿಲ್ಲಾ ಕ್ರೀಡಾಕೂಟ ಹತ್ತಿರವಾಗಿತ್ತು. ಬೋನಿಗೆ ಏನೂ ಬೀಳಲಿಲ್ಲ, ಹೊಸ ಹೆಜ್ಜೆಯೂ ಕಾಣಲಿಲ್ಲ. ಬಿಸಿಲು ಬಂದ ಮೇಲೆ ಓಡೋಣ ಎಂದು ಮತ್ತೆ ಶುರುಮಾಡಿದೆವು.

ಆ ದಿನ ಬಿಸಿಲು ಬರಲೇ ಇಲ್ಲ. ಮೋಡ ತೆಂಗಿನ ಸುಳಿಗಳ ಮೇಲೆ ಕೂತಂತಿತ್ತು. ಕಾಯುವಷ್ಟು ಕಾದು, ಹುಡುಗಿಯನ್ನು ಎಂಟುನೂರು ಮೀಟರಿಗೆ ಬಿಟ್ಟೆ. ಉಳಿದವರು ನನ್ನ ಪಕ್ಕದಲ್ಲಿ ನಿಂತು ಕೂಗುತ್ತಿದ್ದರು. ಎರಡನೆಯ ಸುತ್ತಿನಲ್ಲಿ ಅವಳು ಆ ತಿರುವಿನ ಕಡೆ ಹೊರಳುತ್ತಿದ್ದಾಗ ಲಂಟಾನ ಅಲುಗಿತು. ಗಾಳಿ ಇರಲಿಲ್ಲ. ಪೊದೆಯಿಂದ ತಲೆ ತಗ್ಗಿಸಿಕೊಂಡು ಅದು ಹೊರಗೆ ಬಂದು ಟ್ರ್ಯಾಕಿನ ಅಂಚಿನಲ್ಲಿ ನಿಂತಿತು.

ಕೈ ತಾನಾಗಿ ವಿಷಲ್ಲಿಗೆ ಹೋಯಿತು. ಅಷ್ಟರಲ್ಲಿ ಹೊಳೆಯಿತು: ಕೊನೆಯ ಸುತ್ತಿನಲ್ಲಿ ವಿಷಲ್ ಊದಿದರೆ ಇನ್ನೂ ಜೋರಾಗಿ ಓಡಬೇಕು ಎಂದು ನಾನೇ ಕಲಿಸಿದ್ದೆ.

"ನಿಂತ್ಕೋ! ಓಡ್ಬೇಡ!" ಎಂದು ಕಿರುಚಿದೆ.

ಅವಳು ತಲೆ ಎತ್ತಿದಳು, ಕಂಡಳು, ನಿಂತಳು. ಅವಳಿಗೂ ಅದಕ್ಕೂ ಮಧ್ಯೆ ಒಂದು ತೆಂಗಿನ ಮರದ ಉದ್ದದಷ್ಟೇ ಜಾಗ.

"ಕೈ ಮೇಲೆತ್ತು! ಅದನ್ನೇ ನೋಡ್ತಾ ಹಿಂದಕ್ಕೆ ಬಾ, ಮೆಲ್ಲಗೆ!"

ಅವಳು ಕೈ ಎತ್ತಿದಳು. ಓಡಿ ಬಂದ ಉಸಿರಿಗೆ ಅವಳ ಬೆನ್ನು ಏರಿಳಿಯುವುದು ದೂರದಿಂದಲೇ ಕಾಣುತ್ತಿತ್ತು. ನಾನು ಮಕ್ಕಳನ್ನು ಒತ್ತಟ್ಟಿಗೆ ಸೇರಿಸಿಕೊಂಡೆ. ಎಲ್ಲರೂ ಅರಚುತ್ತಾ ಅವಳತ್ತ ನಡೆದೆವು. ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದು ನನ್ನ ಮೈಗೆ ತಗುಲಿದಳು. ಚಿರತೆ ಬೆದರಲಿಲ್ಲ. ನಮ್ಮನ್ನೆಲ್ಲ ಒಮ್ಮೆ ನೋಡಿ, ಬಂದಷ್ಟೇ ನಿಧಾನವಾಗಿ ಪೊದೆಗೆ ಹೋಯಿತು. ಅದಕ್ಕೆ ನಮ್ಮ ಭಯವೇ ಇರಲಿಲ್ಲ.

"ಕಾಲು ಓಡೋಕೆ ಎಳೀತಿತ್ತು ಮಿಸ್. ಹಿಡ್ಕಂಡು ನಿಂತಿದ್ದೆ" ಎಂದಳು. ಆಮೇಲೆ ಅಳತೊಡಗಿದಳು.

ಮಾರನೆಯ ದಿನದಿಂದ ಟ್ರ್ಯಾಕಿಗೆ ಯಾರೂ ಬರಲಿಲ್ಲ. ಆ ವರ್ಷದ ಕ್ರೀಡಾಕೂಟಕ್ಕೆ ನಮ್ಮ ಶಾಲೆಯಿಂದ ಒಬ್ಬರನ್ನೂ ಕಳಿಸಲಿಲ್ಲ. ಅವಳ ಅಜ್ಜಿ ಶಾಲೆಗೇ ಬಂದು, "ಓಟಾನೂ ಬ್ಯಾಡ, ಕಪ್ಪೂ ಬ್ಯಾಡ ಕಣವ್ವ. ನಂಗಿರೋದು ಅದೊಂದೇ ಮಗ" ಎಂದು ಹೇಳಿ ಹೋದರು. ಮೊಮ್ಮಗಳನ್ನು ಅವರು ಮಗ ಎಂದೇ ಕರೆಯುತ್ತಿದ್ದರು. ಕೆಮ್ಮಣ್ಣಿನಲ್ಲಿ ಹುಲ್ಲು ಎದ್ದಿತು.

ಕೆಲವು ವಾರಗಳ ಮೇಲೆ ಅಜ್ಜಿ ಮತ್ತೆ ಬಂದರು.

"ಅವ್ಳು ನಮ್ಮನೆ ಹಿಂದ್ಲ ತೋಟದಾಗೆ ಒಬ್ಳೇ ಮರ ಸುತ್ತಿ ಓಡ್ತಾಳೆ. ಎಷ್ಟು ಬೈದ್ರೂ ಕೇಳಾಕಿಲ್ಲ. ಅಲ್ಲೂ ಪೊದೆ ಐತೆ, ಅಲ್ಲೂ ಅದು ಬತ್ತದೆ. ಓಡೋದಾದ್ರೆ ನಾಲ್ಕು ಜನ ಇರೋ ಕಡೆ ಓಡ್ಲಿ ಬುಡಿ. ನಾನೂ ಬತ್ತೀನಿ."

ಅವರೇ ಬೇರೆ ಮಕ್ಕಳ ತಾಯಂದಿರನ್ನು ಕರೆತಂದರು. ಎಲ್ಲರೂ ಸೇರಿ ಆ ಪಾಳು ತೋಟದ ಅಣ್ಣತಮ್ಮಂದಿರ ಮನೆಗಳಿಗೆ ಹೋದೆವು. "ನಿಮ್ಮ ವ್ಯಾಜ್ಯ ನಿಮಗಿರ್ಲಿ, ಪೊದೆ ಕೀಳ್ಸಾಕೆ ಒಪ್ಪಿ" ಎಂದು ಅಜ್ಜಿ ಜಗುಲಿಯ ಮೇಲೆ ಕೂತೇಬಿಟ್ಟರು. ತಮ್ಮ ಒಪ್ಪಿದ. ಅಣ್ಣ ಕೆಲಸದ ದಿನ ತಾನೇ ಬಂದು ನಿಂತ.

ಸೋಗೆಯ ರಾಶಿ ಎಳೆದಾಗ ಕೆಳಗೆ ಮೂಳೆಗಳಿದ್ದವು. ಒಂದು ಮೇಕೆಯ ಗಂಟೆ, ಯಾರದೋ ಮನೆಯ ನಾಯಿಯ ಬೆಲ್ಟು. ಪಕ್ಕದಲ್ಲೇ ಹುಲ್ಲು ಒತ್ತಿ ನುಣುಪಾದ, ಮೈಯಗಲದ ಒಂದು ಜಾಗ. ನಾನು ಅಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಟ್ರ್ಯಾಕಿನ ಎರಡೂ ತಿರುವು, ಗೆರೆ, ಮಕ್ಕಳು ಚೀಲ ಇಡುವ ಕಲ್ಲು, ಎಲ್ಲ ಕಾಣುತ್ತಿತ್ತು. ನಾವು ಓಡಿದ ಎಷ್ಟೋ ಬೆಳಗುಗಳಲ್ಲಿ ಅದು ಅಲ್ಲಿ ಮಲಗಿ ನಮ್ಮನ್ನು ನೋಡಿತ್ತು.

ಆ ಜಾಗ ನೋಡಲು ಅಕ್ಕಪಕ್ಕದ ಹಳ್ಳಿಗಳಿಂದ ಮಕ್ಕಳು ಬಂದರು. ನೋಡಿದ ಮೇಲೆ ಗೆರೆಯ ಮೇಲೆ ನಿಂತು ಒಂದು ಸುತ್ತು ಓಡಿದರು. ಕೆಲವರು ಮಾರನೆಯ ದಿನವೂ ಬಂದರು. ಮುಂದಿನ ವರ್ಷ ಹುಡುಗಿ ಜಿಲ್ಲೆಗೆ ಹೋಗಿ ನಾಲ್ಕನೆಯವಳಾಗಿ ಬಂದಳು. ಈಗ ಪಿಯುಸಿ ಓದುತ್ತಾಳೆ, ಬೆಳಗ್ಗೆ ಚಿಕ್ಕವರನ್ನು ಓಡಿಸುತ್ತಾಳೆ.

ಚಿರತೆ ಸಿಕ್ಕಿಲ್ಲ. ಮೊನ್ನೆ ಕಂದಿಕೆರೆ ಕಡೆ ಒಂದು ಕರು ಹೋಯಿತಂತೆ. ತಾಯಂದಿರು ಈಗಲೂ ಸರದಿಯಲ್ಲಿ ಬಂದು ತಿರುವಿನ ಉದ್ದಕ್ಕೂ ಕೂರುತ್ತಾರೆ. ತಮ್ಮ ಮಕ್ಕಳ ಓಟವನ್ನು ಅವರು ನೋಡಿಯೇ ಇಲ್ಲ. ಟ್ರ್ಯಾಕಿಗೆ ಬೆನ್ನು ಮಾಡಿ, ತೋಟದ ಕಡೆಗೇ ಮುಖ ಮಾಡಿ ಕೂತಿರುತ್ತಾರೆ.