ಜಟ್ಟಪ್ಪನ ಗಂಟುಹಗ್ಗ

ಮುಟ್ಟಳ್ಳಿಯ ನಮ್ಮ ನೆರೆಮನೆಯ ಜಟ್ಟಪ್ಪ ನಾಯ್ಕ ಬೆಳಿಗ್ಗೆ ಎದ್ದರೆ ಮುಖ ತೊಳೆಯುವ ಮೊದಲು ಬಾವಿ ಅಳೆಯುತ್ತಾನೆ. ಮೊಳಕ್ಕೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ತಳ ಮುಟ್ಟಿಸಿ ಮೇಲೆಳೆದು, ಒದ್ದೆಯಾದ ಗಂಟುಗಳನ್ನು ಎಣಿಸುತ್ತಾನೆ. ಆಮೇಲೆ ತಮ್ಮ ಮಾಸ್ತಪ್ಪ ಏಳುವ ಮೊದಲೇ ಬೇಲಿ ದಾಟಿ ಅವನ ಬಾವಿಯನ್ನೂ ಅಳೆಯುತ್ತಾನೆ. ಅದು ಒಂದು ಮೊಳ ಹೆಚ್ಚು ಆಳ. ಹಾಗಾಗಿ ಅಲ್ಲಿ ಯಾವಾಗಲೂ ಒಂದು ಗಂಟು ಹೆಚ್ಚು ಒದ್ದೆ, ಇವನ ಚಹಾ ಯಾವಾಗಲೂ ಕಹಿ. ತಮ್ಮನ ಮಲ್ಲಿಗೆ ತೋಟಕ್ಕೆ ಪಂಪು ಶುರುವಾಯಿತೋ, ಅಂಗಳದಿಂದಲೇ ನನ್ನನ್ನು ಕೂಗುತ್ತಾನೆ: "ಕೇಳ್ತಾ? ಅಂವ ಎಳೀತಿರೋದು ನನ್ನ ನೀರು!" ಎರಡು ಸಾವಿರದ ಮೂರರ ಗ್ರಾಮಸಭೆಗೆ ಬಂದ ಎಂಜಿನಿಯರು ಅಂತರ್ಜಲ ಮಟ್ಟ ಎಂದರೇನೆಂದು ವಿವರಿಸಿದರು. ನೆಲದಡಿ ಮಣ್ಣುಕಲ್ಲುಗಳ ಸಂದಿಯೆಲ್ಲ ತುಂಬಿ ನಿಂತ ನೀರಿನ ಮೇಲ್ಮಟ್ಟವೇ ಅದು. ಒಂದು ಬಾವಿಯಿಂದ ಜಾಸ್ತಿ ಎಳೆದರೆ ಪಕ್ಕದ ಬಾವಿಯಲ್ಲೂ ಇಳಿಯುತ್ತದೆ ಎಂದರು. ಜಟ್ಟಪ್ಪ ಎದ್ದು ನಿಂತ. "ನಾ ಎಂತ ಹೇಳ್ದೆ ಮತ್ತೆ?" ಸರ್ಕಾರವೇ ಅವನ ಪರ ತೀರ್ಪು ಕೊಟ್ಟಂತಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾಸ್ತಪ್ಪನನ್ನು ಹೊಟ್ಟೆಯ ಆಪರೇಶನ್ನಿಗೆಂದು ಮಂಗಳೂರಿಗೆ ಸೇರಿಸಿದರು. ಮನೆಯವರೆಲ್ಲ ಅಲ್ಲೇ ಉಳಿದರು. ಎಂಟು ದಿನ ಪಂಪು ಸುಮ್ಮನಿತ್ತು. ಜಟ್ಟಪ್ಪನ ಬಾವಿಯಲ್ಲಿ ನೀರು ಎರಡು ಗಂಟು ಏರಿತು. ಅವನು ಮಾತ್ರ ನನ್ನನ್ನು ಕೂಗಲಿಲ್ಲ. ಒಂಬತ್ತನೆಯ ದಿನ ಬೇಲಿ ದಾಟಿ ಹೋಗಿ ಪಂಪು ಹಾಕಿದ, ಬಾಡಿದ ಮಲ್ಲಿಗೆಯ ಬುಡಬುಡಕ್ಕೂ ನೀರು ಬಿಟ್ಟ. ಮರುದಿನ ಹಗ್ಗ ಎಳೆದರೆ ಒಂದು ಗಂಟು ಕಮ್ಮಿ. "ಆಸ್ಪತ್ರೇಲಿ ಮಲ್ಕಂಡೂ ನನ್ನ ನೀರು ಬಿಡೂದಿಲ್ಲ ಅಂವ!" ಎಂದು ಬೈಯುತ್ತಲೇ ಮತ್ತೆ ತಮ್ಮನ ಪಂಪಿನ ಕಡೆಗೆ ನಡೆದ.