ನನ್ನ ಮೂಗೂ ಥಿನ್ನರಿನ ಡಬ್ಬಿಯೂ

ನನ್ನ ಮೂಗು ನೋಡಲು ಅಂಥ ಚೆಂದವೇನಲ್ಲ. ಆದರೂ ಅದರ ಮೇಲೆ ನನಗೆ ವಿಪರೀತ ಅಭಿಮಾನ. ವಿಜಯಪುರದಿಂದ ಗೋವೆಗೆ ಬಂದು, ಪರ್ವರಿಯ ಹೊಸ ಮನೆಗಳ ಬಾಗಿಲುಗಳಿಗೆ ಪಾಲಿಶ್ ಹೊಡೆಯುತ್ತಲೇ ತಲೆ ನರೆಸಿಕೊಂಡವನು ನಾನು. ಪಾಲಿಶ್ ಒಣಗಿತೋ ಇಲ್ಲವೋ ಎಂದು ಬೇರೆಯವರು ಬೆರಳಿಂದ ಮುಟ್ಟಿ ಗುರುತು ಉಳಿಸುತ್ತಾರೆ. ನಾನು ಬಾಗಿಲನ್ನು ಮೂಸುತ್ತಿದ್ದೆ. ಪಾಲಿಶ್ ತೆಳುಮಾಡಲು ಬೆರೆಸುವ ಥಿನ್ನರಿನ ವಾಸನೆ ಹೋಗಿದ್ದರೆ ಒಣಗಿದಂತೆ. ಮಾಸ್ಕ್ ಹಾಕಿಕೋ ಎಂದವರಿಗೆ, "ಕಣ್ಣ ಕಟ್ಟಿಕೊಂಡು ಗಾಡಿ ಹೊಡಿತಾರೇನ್ರಿ?" ಎಂದು ಕೇಳಿ ನಗುತ್ತಿದ್ದೆ.

ಹೋದ ವರ್ಷ ಒಂದು ಶುಕ್ರವಾರ ಕೆಲಸದ ಜಾಗದಲ್ಲೇ ಬಿಳಿ ಜುಬ್ಬಾ ತೊಟ್ಟು ನಮಾಜಿಗೆ ಹೊರಟೆ. ಹೋಗುವ ಮುಂಚೆ, ಬೆಳಗ್ಗೆ ಪಾಲಿಶ್ ಹೊಡೆದ ಬಾಗಿಲನ್ನು ಮೂಸಿದೆ. ವಾಸನೆಯ ಸುಳಿವೇ ಇಲ್ಲ. ನಿಶ್ಚಿಂತೆಯಿಂದ ಅದಕ್ಕೇ ಬೆನ್ನು ಆನಿಸಿ ಚಪ್ಪಲಿ ಮೆಟ್ಟಿದೆ. ಬಾಗಿಲು ನನ್ನನ್ನು ಬಿಡಲೊಲ್ಲದು! ಹೇಗೋ ಬಿಡಿಸಿಕೊಂಡಾಗ ಜುಬ್ಬಾದ ಅರ್ಧ ಬೆನ್ನು ತೇಗದ ಬಣ್ಣಕ್ಕೆ ತಿರುಗಿತ್ತು. ಆ ಮನೆಯ ಮಾಲೀಕರು ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಹೆದರಿ, ಮರುದಿನವೇ ಡಾಕ್ಟರಿಗೆ ಮೂಗು ತೋರಿಸಿದೆ.

ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ತೆಳ್ಳನೆಯ ಪೊರೆಯೊಂದಿದೆ ಎಂದು ಡಾಕ್ಟರು ತಿಳಿಸಿದರು. ಘಾಟು ಬಡಿದು ಅದು ಕೆಟ್ಟರೂ ಹರೆಯದಲ್ಲಿ ಮತ್ತೆ ಚಿಗುರುತ್ತದಂತೆ. ವಯಸ್ಸಾದ ಮೇಲೆ ಅಷ್ಟೇ ಘಾಟಿಗೆ ಪೆಟ್ಟು ಜಾಸ್ತಿ, ಚಿಗುರು ನಿಧಾನ. ತಲೆ ಬೋಳಾದರೆ ಕನ್ನಡಿ ಹೇಳುತ್ತದೆ, ಮೂಗು ಒಳಗೊಳಗೇ ಬೋಳಾದರೆ ಯಾರು ಹೇಳಬೇಕು? "ಇನ್ನಾದರೂ ಮಾಸ್ಕ್ ಹಾಕಿ. ವಾಸನೆ ಮರಳಿದರೆ ಮರಳೀತು, ಖಾತ್ರಿ ಇಲ್ಲ" ಎಂದರು. ಆ ಖಾತ್ರಿಯಿಲ್ಲದ ಮಾತು ನನ್ನ ನಿದ್ದೆ ಕೆಡಿಸಿತು. ಹೆಂಡತಿ ಜುಬೇದಾ ಬಿರಿಯಾನಿಯ ಮುಚ್ಚಳ ತೆಗೆದಾಗ ಬರೀ ಬಿಸಿ ಹಬೆ ಬಡಿಯುವುದೂ ಒಂದು ಬಾಳೇ, ನೀವೇ ಹೇಳಿ.

ಮಾಸ್ಕ್ ಹಾಕಿದೆ. ಜುಬೇದಾ ದಿನಾ ನನ್ನ ಕಣ್ಣು ಮುಚ್ಚಿಸಿ ಮೂಗಿಗೆ ಏನಾದರೊಂದು ಹಿಡಿಯುವಳು. ನಾನು ಗತ್ತಿನಿಂದ, "ಒಣಮೀನ" ಎನ್ನುವೆ.

"ನಿಂಬಿಹಣ್ಣರಿ ಇದು!"

ಈ ದುಃಖಕ್ಕೆ ಶುಕ್ರವಾರದ ಅತ್ತರು ವಾರವಾರಕ್ಕೂ ಹೆಚ್ಚಾಯಿತು. ಎಷ್ಟು ಹಚ್ಚಿದರೂ ನನಗೆ ಸಾಲದು. ಮಸೀದಿಯ ಸಾಲಿನಲ್ಲಿ ನನ್ನ ಎರಡೂ ಪಕ್ಕ ಜಾಗ ಖಾಲಿ ಉಳಿಯತೊಡಗಿತು. ನನ್ನ ಬಿಳಿ ಗಡ್ಡಕ್ಕೆ ಜನ ಮರ್ಯಾದೆ ಕೊಡುತ್ತಿದ್ದಾರೆಂದು ಬೀಗಿದೆ.

ಮೊನ್ನೆ ಶುಕ್ರವಾರ ಎಂದಿನಂತೆ ಅತ್ತರು ಬಳಿದುಕೊಂಡು ನಿಂತವನಿಗೆ ಒಮ್ಮೆಲೇ ಕೆಮ್ಮು ಬಂತು.

"ಏನಿದು ಘಾಟ? ತಲಿ ಸಿಡಿಯಾಕತ್ತೈತಲ್ಲ!" ಎಂದು ಕೂಗಿದೆ.

ಜುಬೇದಾ ಸೌಟು ಹಿಡಿದೇ ಓಡಿಬಂದಳು. "ಖರೇನ? ನಿಮಗ ವಾಸನಿ ಬಂತ? ನಿಮ್ಮ ಅತ್ತರದ್ದರಿ ಅದು!"

"ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನಾ ಹೇಳಿ ಏನ ಬಂತ್ರಿ? ನಿಮ್ಮ ಬಾಯಿಂದನ ಬರಲಿ ಅಂತ ಮೂಗ ಮುಚ್ಚಿಕೊಂಡು ಕಾಯಾಕತ್ತಿದ್ದೆ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಘಾಟಿನ ನೀರಲ್ಲವೆಂದು ನನಗೆ ಗೊತ್ತಿತ್ತು.

ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡು ಅತ್ತರಿಲ್ಲದೆ ಮಸೀದಿಗೆ ಹೋದೆ. ನನ್ನ ಗಡ್ಡಕ್ಕೆ ಮರ್ಯಾದೆ ಕೊಟ್ಟು ದೂರ ನಿಲ್ಲುತ್ತಿದ್ದ ಅಕ್ಕಪಕ್ಕದ ಇಬ್ಬರೂ ಹತ್ತಿರ ಸರಿದು, ಭುಜಕ್ಕೆ ಭುಜ ತಾಗಿಸಿ ನಿಂತರು.