ಮೇಸ್ತ್ರಿಯ ಅಳತೆಗೋಲೂ ನರ್ಸಮ್ಮನ ಹೆಬ್ಬೆರಳೂ

ಜಗತ್ತಿನಲ್ಲಿ ಎಂದೂ ತಪ್ಪದ ಸಂಗತಿಗಳು ಎರಡೇ ಎಂದು ಮೂಲೆ ಅಂಗಡಿಯ ಬಡಗಿ ನಂಬಿದ್ದ. ಒಂದು, ಬೆಳಿಗ್ಗೆ ಸೂರ್ಯ ಹುಟ್ಟುವುದು. ಇನ್ನೊಂದು, ತನ್ನ ಅಳತೆ. ಮೋಡ ಮುಸುಕಿದ ದಿನ ಮೊದಲನೆಯದರ ಬಗ್ಗೆ ಅವನಿಗೆ ಒಂದಿಷ್ಟು ಅನುಮಾನ ಬರುತ್ತಿತ್ತು. ಎರಡನೆಯದರ ಬಗ್ಗೆ ಎಂದೂ ಬಂದಿರಲಿಲ್ಲ. ಬೀದಿಯವರೆಲ್ಲ ಅವನನ್ನು ಅಳತೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಹೊಗಳಿಕೆ, ಅರ್ಧ ಕೀಟಲೆ. ಮೇಸ್ತ್ರಿ ಮಾತ್ರ ಎರಡು ಅರ್ಧವನ್ನೂ ಸೇರಿಸಿ ಪೂರ್ತಿ ಹೊಗಳಿಕೆ ಎಂದೇ ಇಟ್ಟುಕೊಂಡಿದ್ದ.

ಅವನ ಮನೆಯ ಬಾಗಿಲ ಹಿಂದೆ ಒಂದು ಮೊಳೆ. ಮೊಳೆಗೆ ದಾರ. ದಾರದಲ್ಲಿ ಬೆರಳಗಲದ ಒಂದು ಮರದ ತುಂಡು. ಹೊರಗಿನವರಿಗೆ ಅದು ಒಲೆಗೆ ಹಾಕಲು ಮರೆತ ಚೂರಿನಂತೆ ಕಾಣುತ್ತಿತ್ತು. ಆ ಮನೆಯಲ್ಲಿ ಅದಕ್ಕಿದ್ದ ಮರ್ಯಾದೆ ರಾಜದಂಡಕ್ಕೂ ಇರಲಿಕ್ಕಿಲ್ಲ. ಅದು ಮೇಸ್ತ್ರಿಯ ಹೆಂಡತಿಯ ಪಾದದ ಉದ್ದ.

ಮೇಸ್ತ್ರಿ ಇನ್ನೂ ಒಂಟಿಯಾಗಿದ್ದ ಕಾಲದಲ್ಲಿ, ಆಸ್ಪತ್ರೆಯ ವಾರ್ಡಿಗೊಂದು ಸ್ಟೂಲು ಬೇಕು ಎಂದು ಹೇಳಲು ಒಬ್ಬಳು ಹೊಸ ನರ್ಸ್ ಅವನ ಅಂಗಡಿಗೆ ಬಂದಿದ್ದಳು. ದಾರಿಯಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಮರದ ಹೊಟ್ಟು ತುಂಬಿದ ನೆಲದ ಮೇಲೆ ನಿಂತು, ಸ್ಟೂಲಿನ ಎತ್ತರ ಎಷ್ಟಿರಬೇಕು ಎಂದು ಗಂಭೀರವಾಗಿ ವಿವರಿಸಿದಳು. ಅವಳು ಹೋದ ಮೇಲೆ ಹೊಟ್ಟಿನ ಮೇಲೆ ಒಂದು ಹೆಜ್ಜೆ ಉಳಿದಿತ್ತು. ಮೇಸ್ತ್ರಿ ಬಹಳ ಹೊತ್ತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕೊನೆಗೆ ಆ ಹೆಜ್ಜೆಯ ಉದ್ದಕ್ಕೆ ಒಂದು ತುಂಡು ಕೊಯ್ದ. ಸ್ಟೂಲಿನ ಜೊತೆ ಒಂದು ಜೊತೆ ಹೊಸ ಚಪ್ಪಲಿಯೂ ಆಸ್ಪತ್ರೆಗೆ ಹೋಯಿತು. ಚಪ್ಪಲಿ ಅಳತೆಗೆ ತಕ್ಕಂತೆ ಕೂತಿತು. ಆ ದಿನ ಸ್ಟೂಲಿನ ಬಗ್ಗೆ ಇಬ್ಬರೂ ಮಾತೇ ಆಡಲಿಲ್ಲ.

ಅಂದಿನಿಂದ ನರ್ಸಮ್ಮ ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಮದುವೆಯ ಚಪ್ಪಲಿ, ವಾರ್ಡಿನ ಬಿಳಿ ಶೂ, ಮಳೆಗಾಲದ ರಬ್ಬರಿನದು, ಎಲ್ಲವನ್ನೂ ಮೇಸ್ತ್ರಿಯೇ ಕೋಲು ಹಿಡಿದು ಹೋಗಿ ತರುತ್ತಿದ್ದ. ಪ್ರತಿ ಸಲ ಅವಳು ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆದು, "ಹೇಳಿ ಮಾಡಿಸಿದ ಹಾಗಿದೆ ರೀ" ಎನ್ನುತ್ತಿದ್ದಳು. ಮೇಸ್ತ್ರಿ ಕೋಲನ್ನು ಮೊಳೆಗೆ ನೇತುಹಾಕಿ, ಯುದ್ಧ ಗೆದ್ದವನಂತೆ ಟೀ ಕೇಳುತ್ತಿದ್ದ.

ಮಗಳು ದೊಡ್ಡವಳಾಗಿ ಊರವರ ಮನೆಗಳಿಗೆ ವಿದ್ಯುತ್ ತಂತಿ ಎಳೆಯುವ ಕೆಲಸ ಹಿಡಿದ ಮೇಲೆ, ನರ್ಸಮ್ಮನಿಗೆ ಓಡುವ ಹುಚ್ಚು ಹತ್ತಿತು. ಆಸ್ಪತ್ರೆಯ ಗೆಳತಿಯರ ಜೊತೆ ಊರ ಹಿಂದಿನ ಗುಡ್ಡಕ್ಕೆ ಹೋಗಿ ಕಾಲುದಾರಿಯಲ್ಲಿ ಓಡಿ ಬರುವುದು. ಮೊದಮೊದಲು ಮೇಸ್ತ್ರಿ, "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾರೇನೇ?" ಎಂದು ಗೇಲಿ ಮಾಡಿದ. ಆದರೆ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು, ಕೂದಲಲ್ಲಿ ಒಣ ಎಲೆ ಸಿಕ್ಕಿಸಿಕೊಂಡು, ಕಾರಣವೇ ಇಲ್ಲದೆ ನಗುತ್ತ ಬಾಗಿಲಲ್ಲಿ ನಿಂತ ಆ ಮುಖವನ್ನು ನೋಡಿದ ಮೇಲೆ ಗೇಲಿ ನಿಂತಿತು. ಸ್ಟೂಲು ಕೇಳಲು ಬಂದಿದ್ದ ಹುಡುಗಿಯ ಮುಖ ಅದು. ವಾರ್ಡಿನ ಪಾಳಿಗಳಲ್ಲಿ ಎಲ್ಲೋ ಕಳೆದುಹೋಯಿತು ಎಂದುಕೊಂಡಿದ್ದ.

ಗುಡ್ಡ ಮಾತ್ರ ಸುಂಕ ವಸೂಲಿ ಮಾಡದೆ ಬಿಡಲಿಲ್ಲ. ಇಳಿಜಾರಿನಲ್ಲಿ ಓಡಿ ಓಡಿ ಅವಳ ಹೆಬ್ಬೆರಳ ಉಗುರುಗಳು ಕಪ್ಪಾದವು. ಒಂದು ಕಿತ್ತೇ ಬಂತು. ಮುಂದಿನ ಭಾನುವಾರ ಆಸ್ಪತ್ರೆಯವರೆಲ್ಲ ಸೇರಿ ಗುಡ್ಡದ ಮೇಲೊಂದು ಓಟ ಇಟ್ಟುಕೊಂಡಿದ್ದರು. ನರ್ಸಮ್ಮ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಹೇಳಿದಳು: "ಇದೊಂದು ಓಟ ನೋಡ್ತೀನಿ. ಈ ಸಲವೂ ಉಗುರು ಹೋದ್ರೆ ಸಾಕು ಬಿಡಿ. ಈ ವಯಸ್ಸಲ್ಲಿ ಗುಡ್ಡ ಯಾಕೆ ನನಗೆ?"

ಹಗುರವಾಗಿಯೇ ಹೇಳಿದಳು. ಅವಳು ಏನನ್ನಾದರೂ ನಿಜವಾಗಿ ಬಿಟ್ಟುಬಿಡುವಾಗ ಹಾಗೆಯೇ ಹಗುರವಾಗಿ ಹೇಳುತ್ತಾಳೆ ಎಂದು ಮೇಸ್ತ್ರಿಗೆ ಗೊತ್ತಿತ್ತು. ಆ ಮುಖ ಮತ್ತೆ ಕಳೆದುಹೋಗುವುದನ್ನು ನೋಡುತ್ತ ಕೂರಲು ಅವನು ಸಿದ್ಧನಿರಲಿಲ್ಲ.

"ತಪ್ಪು ವಯಸ್ಸಿಂದಲ್ಲ ಕಣೇ, ಶೂದು. ವಾರ್ಡಲ್ಲಿ ಓಡಾಡೋ ಶೂ ಹಾಕ್ಕೊಂಡು ಗುಡ್ಡ ಇಳಿದ್ರೆ ಇನ್ನೇನಾಗುತ್ತೆ? ಗುಡ್ಡಕ್ಕೆ ಅಂತಲೇ ಶೂ ಬರುತ್ತಂತೆ. ನಾಳೆ ತರ್ತೀನಿ," ಎಂದು ಘೋಷಿಸಿ, ಮರುದಿನ ಕೋಲನ್ನು ಮೊಳೆಯಿಂದಿಳಿಸಿ ದಂಡಯಾತ್ರೆ ಹೊರಟ.

ಶೂ ಅಂಗಡಿಯ ಒಡತಿ ಅವನ ವಯಸ್ಸಿನವಳೇ. ತಾನೂ ಗುಡ್ಡ ಹತ್ತಿಳಿದವಳು, ಮೊಣಕಾಲಲ್ಲಿ ಅದರ ಗಾಯದ ಗುರುತಿತ್ತು. ಮೇಸ್ತ್ರಿ ಒಂದು ಶೂ ಎತ್ತಿಕೊಂಡು ಬಾಗಿಸಿದ, ತಿರುಚಿದ, ಅಟ್ಟೆಯನ್ನು ಬೆರಳ ಗಿಣ್ಣಿನಿಂದ ಕುಟ್ಟಿದ, ಅಂಟಿನ ವಾಸನೆ ನೋಡಿದ. ಹೊಲಿಗೆಯ ಮೇಲೆ ಉಗುರು ಎಳೆದು ಕಿವಿಗೊಟ್ಟು ಕೇಳಿದ.

"ಅಣ್ಣಾ, ಶೂ ತಗೊಳ್ತೀರೋ, ಇಲ್ಲ ಕಾಯಿಲೆ ಕಂಡುಹಿಡೀತಿದ್ದೀರೋ?"

"ಬಾಳಿಕೆ ಬರಬೇಕಲ್ಲಮ್ಮ. ಮೂತಿ ಹತ್ತಿರ ಅಂಟು ಬಿಟ್ಕೊಳ್ಳಲ್ಲ ತಾನೇ?"

"ಅಲ್ಲಿ ರಬ್ಬರು ಮೇಲಕ್ಕೆ ಮಡಚಿ ಬಂದಿದೆ ನೋಡಿ, ಕಲ್ಲಿಗೆ ಬಡಿದ್ರೂ ತಡ್ಕೊಳ್ಳುತ್ತೆ. ಒದ್ದೆಯಾದಾಗ ಒಲೆ ಪಕ್ಕ ಇಟ್ಟು ಒಣಗಿಸಬೇಡಿ, ನೆರಳಲ್ಲಿಡಿ. ಅಡಿಯ ಮುಳ್ಳುಗಳಿಗೆ ಸಿಕ್ಕಿದ ಮಣ್ಣು ಆಗಾಗ ತೆಗೀರಿ. ಬಾಳಿಕೆ ತಾನಾಗಿ ಬರುತ್ತೆ. ಅದಿರಲಿ, ಹಾಕ್ಕೊಳ್ಳೋರು ಎಲ್ಲಿ?"

ಮೇಸ್ತ್ರಿ ಜೇಬಿನಿಂದ ಕೋಲು ತೆಗೆದು ಮೇಜಿನ ಮೇಲೆ ಇಟ್ಟ. ಒಡತಿ ಕೋಲನ್ನು ನೋಡಿದಳು. ಮೇಸ್ತ್ರಿಯನ್ನು ನೋಡಿದಳು. ಮತ್ತೆ ಕೋಲನ್ನು ನೋಡಿದಳು.

"ಇವರು ಗುಡ್ಡ ಹತ್ತುತ್ತಾರಾ?"

"ಇದು ನಮ್ಮನೆಯವಳ ಕಾಲಿನ ಅಳತೆ ಕಣಮ್ಮ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಇದಕ್ಕೆ ನೋವಾದ್ರೆ ಅಯ್ಯೋ ಅನ್ನುತ್ತಾ? ಇಲ್ಲ ತಾನೇ? ಕಾಲು ಕರ್ಕೊಂಡು ಬನ್ನಿ ಅಣ್ಣಾ. ಸಂಜೆ ಹೊತ್ತಿಗೆ ಬನ್ನಿ, ದಿನವೆಲ್ಲ ನಿಂತು ಊದಿಕೊಂಡಿರುತ್ತೆ. ಓಡುವಾಗ ಹೆಚ್ಚು ಕಡಿಮೆ ಅಷ್ಟೇ ಆಗೋದು. ಬೆರಳ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಇರಬೇಕು, ಹಿಮ್ಮಡಿ ಮಾತ್ರ ಅಲ್ಲಾಡಬಾರದು."

ಹೆಬ್ಬೆಟ್ಟಿನಷ್ಟು ಸಂದು! ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಕಾಗದದ ಚೂರು ತೂರದ ಹಾಗೆ ಬಾಗಿಲು ಕೂರಿಸಿದವನಿಗೆ ಸಂದು ಬಿಡು ಎನ್ನುವುದೆ? ಕೋಲು ಎಲ್ಲಿ ಒಳಗೆ ಹೋಗಿ ಸದ್ದಿಲ್ಲದೆ ಕೂತಿತೋ ಆ ಜೊತೆಯನ್ನೇ ಕಟ್ಟಿಸಿಕೊಂಡ. "ಹೊರಗೆ ಹಾಕ್ಕೊಂಡು ಓಡಾಡದೆ ತಂದ್ರೆ ಬದಲಾಯಿಸಿ ಕೊಡ್ತೀನಿ," ಎಂದು ಒಡತಿ ಹಿಂದಿನಿಂದ ಕೂಗಿದ್ದು ಅವನ ಕಿವಿಗೆ ಬಿತ್ತು. ಬಿದ್ದಲ್ಲೇ ಬಿಟ್ಟ.

ಮನೆಯಲ್ಲಿ ನರ್ಸಮ್ಮ ಶೂ ಹಾಕಿಕೊಂಡು ನಡುಮನೆಯಲ್ಲಿ ನಾಲ್ಕು ಹೆಜ್ಜೆ ನಡೆದಳು. "ಹೇಳಿ ಮಾಡಿಸಿದ ಹಾಗಿದೆ ರೀ," ಎಂದಳು. ಮಗಳು ಗೋಡೆಗೆ ಒರಗಿ ನಿಂತು ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ಅಮ್ಮ ಹುಬ್ಬು ಗಂಟಿಕ್ಕಿದ್ದೇ ತೆರೆದ ಬಾಯಿಯಿಂದ ಆಕಳಿಸಿದಳು.

ಮರುದಿನ ಮಧ್ಯಾಹ್ನ ಮೇಸ್ತ್ರಿ ಹಿತ್ತಲಿನಿಂದ ಹಲಗೆ ಹೊತ್ತು ಅಂಗಡಿಯೊಳಗೆ ಬಂದಾಗ, ಮರದ ಹೊಟ್ಟಿನ ಮೇಲೆ ಒಂದು ಒದ್ದೆ ಹೆಜ್ಜೆ ಕಂಡಿತು. ದೊಡ್ಡ, ಅಗಲವಾದ, ಯಾವ ಸಂಕೋಚವೂ ಇಲ್ಲದ ಹೆಜ್ಜೆ. ಮೇಸ್ತ್ರಿ ಹಲಗೆ ಇಳಿಸಿದ. ಮೊದಲು ಉಳಿಗಳನ್ನು ಎಣಿಸಿದ. ಎಲ್ಲವೂ ಇದ್ದವು. ಕಳ್ಳನಲ್ಲ. ಹಾಗಾದರೆ ಪಕ್ಕದ ಮನೆಯ ಪೇಂಟರನೋ? ಅವನದು ಆನೆಯ ಪಾದ, ಇಷ್ಟು ಚಿಕ್ಕದಿರಲಾರದು. ಕೋಲು ಇನ್ನೂ ಜೇಬಿನಲ್ಲೇ ಇತ್ತು. ಪಕ್ಕದಲ್ಲಿಟ್ಟು ನೋಡಿದ. ಹಿಮ್ಮಡಿಗೆ ಸರಿಯಾಗಿ ಇಟ್ಟರೆ ಹೆಬ್ಬೆರಳ ತುದಿ ಕೋಲಿನಾಚೆ ಉಳಿಯಿತು. ಸದ್ಯ, ಹೆಂಡತಿಯದಲ್ಲ ಎಂದುಕೊಂಡ. ಯಾರೋ ಅಪರಿಚಿತ ಹೆಂಗಸು ಬರಿಗಾಲಲ್ಲಿ ಬಂದು...

ಬೆಂಚಿನ ಮೇಲೆ ಆ ಅಪರಿಚಿತೆ ಟೀ ಇಟ್ಟು ಹೋಗಿದ್ದಳು. ಇನ್ನೂ ಹಬೆಯಾಡುತ್ತಿತ್ತು.

"ಮಗಳೇ!" ಎಂದು ಕೂಗಿದ. "ಯಾರೇ ಬಂದಿದ್ರು ಒಳಗೆ?"

ಅಂಗಳದಲ್ಲಿ ತಂತಿ ಸುತ್ತುತ್ತಿದ್ದ ಮಗಳು ಇಣುಕಿದಳು. "ಇನ್ಯಾರು? ಅಮ್ಮ. ಗಿಡಕ್ಕೆ ನೀರು ಹಾಕಿ ಹಾಗೇ ಟೀ ತಂದ್ಲು."

"ಅವಳ ಕಾಲಲ್ಲ ಇದು. ಕೋಲು ನೋಡು."

ಮಗಳು ಕೋಲನ್ನು ನೋಡಲಿಲ್ಲ, ಅವನನ್ನು ನೋಡಿದಳು. ತಕ್ಷಣ ಮೇಸ್ತ್ರಿಗೆ ಇನ್ನೊಂದು ದಾರಿ ಹೊಳೆಯಿತು. "ಕೋಲು ಕುಗ್ಗಿರಬೇಕು. ಹಳೇ ಮರ."

"ಮರ ಅಗಲಕ್ಕೆ ಕುಗ್ಗುತ್ತೆ, ಉದ್ದಕ್ಕೆ ಕುಗ್ಗಲ್ಲ ಅಂತ ನನಗೆ ಹೇಳಿಕೊಟ್ಟಿದ್ದು ಯಾರಪ್ಪಾ?"

ಮೇಸ್ತ್ರಿ ತಾನೇ ಕಟ್ಟಿದ ಕಪಾಟಿನೊಳಗೆ ಸಿಕ್ಕಿಬಿದ್ದವನಂತಾದ.

ಮಗಳು ಪಕ್ಕದಲ್ಲಿ ಬಂದು ಕುಳಿತಳು. "ನಾನು ಹೊಟ್ಟೇಲಿದ್ದಾಗಲೇ ಅಮ್ಮನ ಕಾಲು ದೊಡ್ಡದಾಯ್ತಂತೆ. ಆಮೇಲೆ ದಿನವೆಲ್ಲ ನಿಂತು ಮಾಡೋ ಕೆಲಸ. ಇನ್ನಷ್ಟು ಹರಡ್ತು. ನಿನ್ನೊಬ್ಬನ್ನ ಬಿಟ್ಟು ಎಲ್ರಿಗೂ ಗೊತ್ತಪ್ಪಾ. ಪೇಂಟರಿಗೂ ಗೊತ್ತು."

ಮೇಸ್ತ್ರಿ ಹೆಜ್ಜೆಯನ್ನು ಮತ್ತೆ ನೋಡಿದ. ಕಿರುಬೆರಳು ಪಕ್ಕದ ಬೆರಳಿನಡಿ ಅವಿತುಕೊಂಡಿತ್ತು. ಅಂದಿನ ಹೆಜ್ಜೆಯಲ್ಲಿ ಅದು ಹಾಗಿರಲಿಲ್ಲ. ಅಂದು ಐದೂ ಬೆರಳು ಬಿಡಿಬಿಡಿಯಾಗಿ, ಬಟಾಣಿ ಕಾಳುಗಳ ಹಾಗೆ ಮೂಡಿದ್ದವು. ಅವಿತುಕೊಳ್ಳುವುದನ್ನು ಅದಕ್ಕೆ ಕಲಿಸಿದವನು ತಾನು. ಪ್ರತಿ ಜೊತೆಗೂ ಇಷ್ಟಿಷ್ಟೇ.

ನರ್ಸಮ್ಮ ಲೋಟ ತೆಗೆದುಕೊಂಡು ಹೋಗಲು ಬಂದಾಗ ಟೀ ಆರಿತ್ತು, ಗಂಡ ನೆಲದ ಮೇಲೆ ಕೂತಿದ್ದ.

"ಯಾಕ್ರೀ, ಏನು ಬಿತ್ತು?"

"ಯಾಕೆ ಹೇಳಲಿಲ್ಲ ನೀನು?"

ಅವಳು ಹೆಜ್ಜೆಯನ್ನು ನೋಡಿದಳು, ಕೋಲನ್ನು ನೋಡಿದಳು. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಆ ಕೋಲು ಜೇಬಲ್ಲಿಟ್ಕೊಂಡು ಹೊರಡೋವಾಗ ನಿಮ್ಮ ಮುಖ ನೀವು ನೋಡಿಲ್ಲ. ನನಗೆ ಹೊಸ ಶೂ ತರೋಕೆ ಹೋಗ್ತಿದ್ದೀರೋ, ನನ್ನನ್ನೇ ಇನ್ನೊಂದ್ಸಲ ನೋಡೋಕೆ ಹೋಗ್ತಿದ್ದೀರೋ ಅನ್ನಿಸ್ತಿತ್ತು. ಬೆರಳು ಸ್ವಲ್ಪ ಮಡಚ್ಕೊಂಡ್ರೆ ಸಾಕಿತ್ತು, ಅಭ್ಯಾಸ ಆಗೋಯ್ತು."

"ಗುಡ್ಡದಲ್ಲೂ ಮಡಚ್ಕೊಂಡೇ ಓಡಿದ್ಯಾ?"

"ಹತ್ತುವಾಗ ಪರವಾಗಿಲ್ಲ ರೀ," ಎಂದಳು. "ಇಳಿಯುವಾಗಲೇ."

ಮೇಸ್ತ್ರಿ ಎದ್ದು ಮೈಮೇಲಿನ ಹೊಟ್ಟು ಕೊಡವಿಕೊಂಡ. ಶೂ ಡಬ್ಬಿ ಕಂಕುಳಲ್ಲಿಟ್ಟುಕೊಂಡ. "ಸಂಜೆ ಪಾಳಿ ಇಲ್ಲ ತಾನೇ? ನಡಿ."

ಒಡತಿ ಅವರಿಬ್ಬರನ್ನು ಕಂಡದ್ದೇ, "ಓಹೋ, ಕೋಲಿಗೆ ಜೀವ ಬಂತು!" ಎಂದು ಬಾಗಿಲವರೆಗೂ ಬಂದಳು. "ಕೂತ್ಕೊಳ್ಳಿ ಅಕ್ಕ. ಓಡುವಾಗ ಹಾಕೋ ಕಾಲುಚೀಲ ತಂದಿದ್ದೀರಾ? ಒಳ್ಳೇದಾಯ್ತು."

ಮೊದಲ ಜೊತೆ ಹಾಕಿಕೊಂಡು ನರ್ಸಮ್ಮ ಅಭ್ಯಾಸಬಲದಿಂದ, "ಹೇಳಿ ಮಾಡಿಸಿದ..." ಎಂದು ಶುರು ಮಾಡಿದಳು. ಮೇಸ್ತ್ರಿ ಕೆಮ್ಮಿದ. ಅವಳು ನಿಲ್ಲಿಸಿದಳು. ಕಾಲನ್ನು ನೋಡಿದಳು. ಮದುವೆಯಾದ ಮೇಲೆ ಮೊದಲ ಬಾರಿಗೆ, ಮೆಲ್ಲಗೆ, "ಇದು ಬಿಗಿ," ಎಂದಳು.

ಹೇಳಿದ ಮೇಲೆ ಅವಳಿಗೆ ಅದರ ರುಚಿ ಹತ್ತಿತು. ಎರಡನೆಯದಕ್ಕೆ, "ಹಿಮ್ಮಡಿ ಜಾರುತ್ತೆ." ಮೂರನೆಯದಕ್ಕೆ, "ಅಗಲ ಸಾಲದು." ಇನ್ನೊಂದಕ್ಕೆ, "ಮೆತ್ತಗಿದೆ, ಆದ್ರೆ ಕೆಳಗಿನ ಕಲ್ಲೆಲ್ಲ ಲೆಕ್ಕಕ್ಕೆ ಸಿಗುತ್ತೆ." ಮತ್ತೊಂದಕ್ಕೆ ಬರೀ ಮೂಗು ಮುರಿದಳು. ವರ್ಷಗಟ್ಟಲೆ ನುಂಗಿದ ತಕರಾರುಗಳನ್ನೆಲ್ಲ ಅವಳು ಮಹಾರಾಣಿಯಂತೆ ಕೂತು ಒಂದೊಂದಾಗಿ ದಯಪಾಲಿಸಿದಳು. ಮೇಸ್ತ್ರಿ ಡಬ್ಬಿ ಎತ್ತಿದ, ಡಬ್ಬಿ ಇಳಿಸಿದ, ಮಂಡಿಯೂರಿ ದಾರ ಕಟ್ಟಿದ, ಬಿಚ್ಚಿದ. ಇಷ್ಟು ಕೊರತೆ ಕೇಳಿಯೂ ಇಷ್ಟು ಖುಷಿಯಾದ ಗಿರಾಕಿಯನ್ನು ಒಡತಿ ಕಂಡಿರಲಿಲ್ಲ.

ಅಂಗಡಿಯಲ್ಲಿ ಇಳಿಜಾರಿನ ಹಲಗೆಯೊಂದಿತ್ತು, ಅದರ ಮೇಲಿಂದ ಇಳಿದು ನೋಡಬೇಕು. ಕೊನೆಗೆ ಹಾಕಿಕೊಂಡ ಜೊತೆಯಲ್ಲಿ ನರ್ಸಮ್ಮ ಧಡಧಡ ಇಳಿದು, ಕೆಳಗೆ ಗಕ್ಕನೆ ನಿಂತಳು. ಮುಖದಲ್ಲಿ ಅಚ್ಚರಿ. "ರೀ, ಬೆರಳು ಮುಂದಕ್ಕೆ ಬಡೀಲೇ ಇಲ್ಲ." ಮತ್ತೆ ಹತ್ತಿದಳು, ಮತ್ತೆ ಇಳಿದಳು. ಬೇಕಿದ್ದಕ್ಕಿಂತ ಹೆಚ್ಚು ಸಲವೇ ಇಳಿದಳು.

ಮೇಸ್ತ್ರಿ ಶೂವಿನ ಮೂತಿಯನ್ನು ಒತ್ತಿ ನೋಡಿದ. ಹೆಬ್ಬೆಟ್ಟಿನಷ್ಟು ಖಾಲಿ ಜಾಗ. ಬಡಗಿಯ ಕೈಗೆ ಅದು ಇನ್ನೂ ತಪ್ಪು ಜೋಡಣೆಯಂತೆಯೇ ಕಂಡಿತು. "ಬಣ್ಣ ಮಾತ್ರ..." ಎಂದ. ಕೊಳೆತ ನಿಂಬೆಹಣ್ಣಿನ ಬಣ್ಣ.

"ಬಣ್ಣ ನಿಮಗೆ ಹಿಡಿಸ್ಬೇಕಾಗಿಲ್ಲ," ಎಂದಳು ಮಹಾರಾಣಿ.

"ಅಕ್ಕ ಹುಷಾರಾದ್ರು," ಎಂದಳು ಒಡತಿ. "ಅಣ್ಣಾ, ನಿಮ್ಮ ಕಾಲು ಅಳೆದು ಎಷ್ಟು ದಿನ ಆಯ್ತು?"

ಮೇಸ್ತ್ರಿ ಕೇಳಿಸದವನಂತೆ ಇಳಿಜಾರಿನ ಹಲಗೆಯ ಕಾಲು ಅಲ್ಲಾಡುತ್ತಿದೆ ಎಂದು ಅದರಡಿ ಬಗ್ಗಿದ.

ಭಾನುವಾರ ಅವನು ಗುಡ್ಡದ ಬುಡದಲ್ಲಿ ಕಾದು ನಿಂತಿದ್ದ. ಡಾಕ್ಟರುಗಳು ಬಂದರು, ಔಷಧಿ ಅಂಗಡಿಯವನು ಬಂದ, ಆಂಬುಲೆನ್ಸಿನ ಡ್ರೈವರು ತಾನೇ ಆಂಬುಲೆನ್ಸ್ ಬೇಕಾದವನಂತೆ ಬಂದ. ಬಹಳ ಹೊತ್ತಿನ ಮೇಲೆ ಪೊದೆಗಳ ನಡುವೆ ಕೊಳೆತ ನಿಂಬೆಯ ಬಣ್ಣ ಮಿನುಗಿತು. ಕಡಿದಾದ ಕೊನೆಯ ಇಳಿಜಾರಿನಲ್ಲಿ ಅವಳು ಕಾಲು ಬಿಗಿಹಿಡಿಯದೆ, ಚೆಲ್ಲಿದ ನೀರಿನ ಹಾಗೆ ಓಡಿ ಬಂದಳು. ಕೂದಲಲ್ಲಿ ಎಲೆ. ಬಂದವಳೇ ನೆಲದ ಮೇಲೆ ಕೂತು, ಎಲ್ಲರೆದುರೇ ದಾರ ಸಡಿಲಿಸಿ, ಶೂ ಕಳಚಿ, ಕಾಲುಚೀಲ ಎಳೆದು, ಎರಡೂ ಪಾದಗಳನ್ನು ಗಂಡನ ಮುಂದೆ ಚಾಚಿದಳು.

ಮೇಸ್ತ್ರಿ ಕನ್ನಡಕ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತ. ಒಂದೊಂದೇ ಬೆರಳನ್ನು ಹಿಡಿದು ನೋಡಿದ. ಹಳೆಯ ಕಪ್ಪು ಇನ್ನೂ ಅಲ್ಲಲ್ಲಿ ಇತ್ತು. ಹೊಸದು ಇರಲಿಲ್ಲ.

"ಮುಂದಿನ ವಾರ ಆಚೆ ಗುಡ್ಡವಂತೆ ರೀ," ಎಂದಳು ಅವಳು, ಉಸಿರಿನ ನಡುವೆ.

ಮನೆಗೆ ಬಂದ ಮೇಲೆ ಮೇಸ್ತ್ರಿ ಕೋಲನ್ನು ಒಲೆಯ ಹತ್ತಿರ ಒಯ್ದ. ನರ್ಸಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. "ಅದು ನನ್ನದು. ಯಾವತ್ತಿಂದಲೂ ನನ್ನದೇ." ಆಮೇಲೆ ಮೆಟ್ಟಿಲ ಮೇಲೆ ಬಿಸಿಲಿಗೆ ಬರಿಗಾಲು ಚಾಚಿ ಕೂತು, ರಾಜದಂಡದ ತುದಿಯಿಂದ ಶೂವಿನಡಿಯ ಮುಳ್ಳುಗಳಿಗೆ ಸಿಕ್ಕಿದ್ದ ಮಣ್ಣನ್ನು ಕೆರೆದು ಕೆರೆದು ತೆಗೆಯತೊಡಗಿದಳು. ಸಂದುಗಳಿಗೆ ಅದು ಸರಿಯಾಗಿ ಹೋಗುತ್ತಿತ್ತು.

"ನೋಡಿದ್ಯಾ," ಎಂದ ಮೇಸ್ತ್ರಿ ಪಕ್ಕದಲ್ಲಿ ಕೂರುತ್ತ. "ಅಳತೆ ತಪ್ಪಿಲ್ಲ."

ಅವಳು ಕಾಲಿನಿಂದಲೇ ಅವನನ್ನು ಒಂದು ಸಲ ತಿವಿದಳು. ಅವಿತಿದ್ದ ಕಿರುಬೆರಳು ಬಿಸಿಲಲ್ಲಿ ಒಂದಿಷ್ಟು ಹೊರಗಿಣುಕಿತ್ತು.